ಸೊಸೆ ‘ನೋಡೋಣ’ ಅಂದಾಗ

ಮಾವನ ಮಂಡಿ ಕೈಕೊಟ್ಟ ಮೇಲೆ ಲಾಂಡ್ರಿಯ ಕುರ್ಚಿ ಸೊಸೆಯ ಪಾಲಿಗೆ ಬಂತು. ಜೊತೆಗೇ ಒಂದು ತಲೆನೋವೂ ಬಂತು. ಒಗೆದ ಹಾಸಿಗೆ ಬಟ್ಟೆ ದಿನಾ ಬೆಳಿಗ್ಗೆ ಹತ್ತು ಗಂಟೆಯೊಳಗೆ ಕೈಸೇರಬೇಕು, ತಿಂಗಳೊಳಗೆ ಸರಿಹೋಗದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಹೋಟೆಲಿನವರು ಹೇಳಿ ಕಳಿಸಿದ್ದರು. ಲಾಂಡ್ರಿಯ ಅರ್ಧ ಕೆಲಸ ಆ ಹೋಟೆಲಿನದೇ. ಬಟ್ಟೆ ಹನ್ನೊಂದಕ್ಕೆ ಮುಂಚೆ ಎಂದೂ ಹೊರಬಿದ್ದದ್ದಿಲ್ಲ.

ಅವಳು ಲಾಂಡ್ರಿಯ ಒಂಬತ್ತು ಜನ ಕೆಲಸದವರನ್ನೂ ಕೂರಿಸಿಕೊಂಡು, ಹೊತ್ತು ಎಲ್ಲಿ ಪೋಲಾಗುತ್ತಿದೆ ಎಂದು ಕೇಳಿದಳು. ಒಗೆಯುವ ಯಂತ್ರದವನು ತಲೆ ಕೆರೆದುಕೊಂಡು, ಒದ್ದೆ ಬಟ್ಟೆಯ ಗಾಡಿ ಕಂಬ ಸುತ್ತಿ ಒಣಗಿಸುವ ಯಂತ್ರಕ್ಕೆ ಹೋಗಬೇಕು, ಮಡಿಸುವ ಮೇಜು ಸರಿಸಿದರೆ ನೇರ ದಾರಿ ಎಂದ.

“ನೋಡೋಣ,” ಎಂದಳು ಸೊಸೆ.

ಅಷ್ಟೇ, ಎಲ್ಲರೂ ಎದ್ದು ಹೋದರು. ಮರುದಿನದಿಂದ ಏನು ಕೇಳಿದರೂ ಬಾಯಿಗೆ ಬೀಗ. ಅವಳು ಮಾತ್ರ ಸಂಜೆ ಟೇಪು ಹಿಡಿದು ಅಳೆದು, ಮೇಜು ಎಲ್ಲಿ ಬರಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟು ಹೋಗುತ್ತಿದ್ದಳು. ಬೆಳಿಗ್ಗೆ ಬಂದರೆ ಗೆರೆ ಮಾಯ. ಮೂರು ಸಲ ಹೀಗಾಯಿತು. ನಾಲ್ಕನೆಯ ದಿನ ಬೇಗ ಬಂದರೆ, ಬಟ್ಟೆ ಮಡಿಸುವ ಅಕ್ಕ ಬಗ್ಗಿ ನೆಲ ಉಜ್ಜುತ್ತಿದ್ದಾಳೆ.

“ಅಕ್ಕಾ, ಅದು ನಾನು ಎಳೆದ ಗೆರೆ. ಮೇಜು ಸರಿಸೋಕೆ.”

ಅಕ್ಕ ಉಜ್ಜುವುದು ನಿಲ್ಲಿಸಿ ತಲೆ ಎತ್ತಿದಳು. “ಆಗಲ್ಲ ಅಂದಿದ್ರಲ್ಲಮ್ಮ?”

“ಎಲ್ಲಿ ಅಂದೆ? ನೋಡೋಣ ಅಂದೆ.”

“ನಿಮ್ಮ ಮಾವನೋರೂ ಮೂವತ್ತು ವರ್ಷ ನೋಡೋಣ ಅಂದ್ರು. ಒಂದೂ ನೋಡಲಿಲ್ಲ.”

ಸೊಸೆಗೆ ನಗು ತಡೆಯಲಾಗಲಿಲ್ಲ. ಎಲ್ಲರೂ ಬಂದ ಮೇಲೆ, ಇನ್ನು ಮುಂದೆ ‘ನೋಡೋಣ’ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಆಗಲೇ ಎದ್ದು ನೋಡಬೇಕು ಎಂದಳು. ಅಂದವಳೇ ತಾನೇ ಗಾಡಿ ತಳ್ಳಿದಳು. ಕಂಬ ಸುತ್ತಿ ನಲವತ್ತೇಳು ಹೆಜ್ಜೆ. ನಾಲ್ವರು ಸೇರಿ ಮೇಜನ್ನು ಅವಳ ಗೆರೆಯಿದ್ದ ಕಡೆ ಎಳೆದರು. ಗಾಡಿಗೆ ದಾರಿಯಾಯಿತು, ಮೇಜು ತಗುಲಿ ಒಣಗಿಸುವ ಯಂತ್ರದ ಬಾಗಿಲು ಮಾತ್ರ ತೆರೆಯಲೊಲ್ಲದು.

“ನಾನು ಒರೆಸಿದ್ದೇ ಒಳ್ಳೇದಾಯ್ತು,” ಎಂದು ಅಕ್ಕ ಮೇಜನ್ನು ಅಡ್ಡ ತಿರುಗಿಸಿದಳು. ಬಾಗಿಲೂ ತೆರೆಯಿತು. ಹತ್ತೊಂಬತ್ತು ಹೆಜ್ಜೆ.

ಆ ವಾರ ಬಟ್ಟೆ ಒಂಬತ್ತೂಮುಕ್ಕಾಲಿಗೇ ಹೊರಟಿತು. ತಿಂಗಳ ಕೊನೆಗೆ ಹೋಟೆಲಿನವರು, ಹೀಗೇ ನಡೆಯಲಿ ಎಂದರು.

ಸುದ್ದಿ ಕೇಳಿ ಮಾವ ಕೋಲೂರಿಕೊಂಡು ಬಂದು, ತಮ್ಮ ಹಳೆಯ ಕುರ್ಚಿಯಲ್ಲಿ ಕೂತು ಸುತ್ತ ಕಣ್ಣಾಡಿಸಿದರು. ಈ ಕುರ್ಚಿ ಕಿಟಕಿ ಹತ್ತಿರ ಇದ್ದಿದ್ದರೆ ಬೆಳಕಾದರೂ ಸಿಗುತ್ತಿತ್ತು ಎಂದು ಗೊಣಗಿದರು.

“ನೋಡೋಣ, ಮಾವ.”

ಮಾವನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಆಯಿತು. ಆ ಮಾತಿನ ಅರ್ಥ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ನಿಟ್ಟುಸಿರು ಬಿಡುವಷ್ಟರಲ್ಲಿ ನಾಲ್ವರು ಬಂದು ಕುರ್ಚಿಯನ್ನು ಅವರ ಸಮೇತ ಎತ್ತಿಕೊಂಡು ಕಿಟಕಿಯ ಕಡೆ ಹೊರಟಿದ್ದರು.