ಹಳೇ ಜಾಮಿನ ಕೊನೆಯ ಸೌಟು

ಚಳಿಗಾಲ ಮುಗಿದು ಬಿಸಿಲು ಇನ್ನೂ ಚುರುಕಾಗಿರದ ಒಂದು ಮಧ್ಯಾಹ್ನ ಇದು ಶುರುವಾಯಿತು. ಊಟ ಮುಗಿಸಿ ಬೀದಿಗೆ ಬೀದಿಯೇ ತೂಕಡಿಸುತ್ತಿತ್ತು. ಜಾಮು ಮಾಡಿ ಮಾರುವ ಜಾಮಜ್ಜಿಯ ಅಡುಗೆಮನೆಯಲ್ಲಿ ಮಾತ್ರ ದೊಡ್ಡ ಪಾತ್ರೆ ಗೊಳಗೊಳ ಕುದಿಯುತ್ತಿತ್ತು. ಕಿತ್ತಳೆಹಣ್ಣಿನ ಹಬೆ ಕಿಟಕಿಯ ಗಾಜಿಗೆ ಹಿಡಿದು, ಒಳಗೆ ಬಿದ್ದ ಬಿಸಿಲೂ ಜೇನಿನ ಬಣ್ಣವಾಗಿತ್ತು.

ಆ ಮನೆಯಲ್ಲೊಂದು ಪದ್ಧತಿ. ಪಾತ್ರೆಯನ್ನು ಎಂದೂ ಪೂರ್ತಿ ಬರಿದು ಮಾಡುತ್ತಿರಲಿಲ್ಲ. ಹಳೇ ಜಾಮಿನ ಕೊನೆಯ ಸೌಟು ತಳದಲ್ಲಿ ಉಳಿಯಬೇಕು, ಹೊಸ ಹಣ್ಣು ಅದರ ಮೇಲೆ ಬೀಳಬೇಕು. ಅಜ್ಜಿಯ ಅತ್ತೆ ಹಾಗೆ ಕಲಿಸಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವರ ಕೈಯ ಒಂದು ಹನಿ ಇನ್ನೂ ಈ ಪಾತ್ರೆಯಲ್ಲಿದೆ ಎಂದು ಅಜ್ಜಿಯ ನಂಬಿಕೆ.

"ಅತ್ತೆ, ಅಂಗಡಿಯಣ್ಣ ಬಂದಿದಾನೆ. ಮುಖ ಯಾಕೋ ಗಂಟು ಹಾಕ್ಕೊಂಡಿದಾನೆ," ಎಂದಳು ಸೊಸೆ.

ಅಂಗಡಿಯವನು ಎರಡು ಬಾಟಲಿ ತಂದು ಮೇಜಿನ ಮೇಲಿಟ್ಟ. ಮುಚ್ಚಳ ಕಪ್ಪೆಯ ಗಂಟಲಿನಂತೆ ಉಬ್ಬಿತ್ತು. ಅಂಚಿನಲ್ಲಿ ನೊರೆ.

"ಅಜ್ಜಿ, ಇದು ಕೆಟ್ಟಿದೆ. ಯಾರಾದ್ರೂ ತಿಂದು ಹೆಚ್ಚುಕಮ್ಮಿಯಾದ್ರೆ ನಿಮ್ಮ ಬಾಗಿಲೂ ಮುಚ್ಚುತ್ತೆ, ನನ್ನ ಬಾಗಿಲೂ ಮುಚ್ಚುತ್ತೆ. ಇದನ್ನ ಯಾವಾಗ ಮಾಡಿದ್ರಿ? ಇದರ ಜೊತೆಯವು ಎಲ್ಲೆಲ್ಲಿವೆ?"

"ಎರಡೇ ತಾನೇ, ಎಸೆದುಬಿಡಪ್ಪ. ಊರೆಲ್ಲ ತಿಂತಾ ಇದೆ. ಯಾರಾದ್ರೂ ಹೊಟ್ಟೆ ಹಿಡ್ಕೊಂಡು ಬಂದ್ರಾ?"

"ಬರೋವರೆಗೂ ಕಾಯೋಣ ಅಂತೀರಾ? ನಾಳೆಯೊಳಗೆ ಹೇಳಿ. ಇಲ್ದಿದ್ರೆ ನಿಮ್ಮ ಜಾಮು ನನ್ನ ಅಂಗಡೀಲಿ ಇಡಲ್ಲ."

ಅವನು ಹೋದ ಮೇಲೆ ಅಜ್ಜಿ ಒಲೆಯ ಪಕ್ಕ ಕೂತಳು. ಹಬೆಯ ಜೋಂಪಿಗೆ ಕಣ್ಣು ಎಳೆಯಿತು. ಕನಸಿನಲ್ಲಿ ಬಾಟಲಿಗಳೆಲ್ಲ ಸಾಲಾಗಿ ಬೀದಿಗಿಳಿದು, ಬೆಳಕು ತುಂಬಿಕೊಂಡು, ಸದ್ದಿಲ್ಲದೆ ತೇಲುತ್ತಾ ಹೋಗುತ್ತಿದ್ದವು. ಅವುಗಳಲ್ಲಿ ಒಂದು ಕೆಟ್ಟಿದೆ ಎಂದು ಅಜ್ಜಿಗೆ ಗೊತ್ತು. "ಏ, ನಿಲ್ಲು! ನೀನು ಬಾ!" ಎಂದು ಕೂಗಿದಳು. ಎಲ್ಲವೂ ಒಟ್ಟಿಗೆ ತಿರುಗಿ ನೋಡಿದವು. ಎಲ್ಲಕ್ಕೂ ಒಂದೇ ಮುಖ.

ಎಚ್ಚರವಾದಾಗ ಎದುರಿಗೆ ತಂಗಿಯ ಮಗಳು ನಿಂತಿದ್ದಳು. ಆಹಾರ ಸುರಕ್ಷತಾ ಕಚೇರಿಯಲ್ಲಿ ಅವಳಿಗೆ ಕೆಲಸ. ಸೊಸೆಯೇ ಫೋನು ಮಾಡಿ ಕರೆಸಿದ್ದಳು.

"ಬಾರೇ ಸರ್ಕಾರದ ಮಗಳೇ. ಬೀಗ ತಂದಿದೀಯಾ?"

"ಮರೆತು ಬಂದೆ ದೊಡ್ಡಮ್ಮ. ಒಂದು ಲೋಟ ಕಾಫಿ ಕೊಟ್ರೆ ಹಾಗೇ ಹೋಗ್ತೀನಿ."

"ನಿಮ್ಮ ಕಾನೂನು ಹುಟ್ಟೋಕ್ಕೆ ಮುಂಚೆ ಜನ ಉಪವಾಸ ಇದ್ರೇನೇ?"

"ಉಣ್ತಿದ್ರು. ಆದ್ರೆ ಮಾಡಿದವಳು ಪಕ್ಕದ ಮನೇಲೇ ಇರ್ತಿದ್ಲು, ಕೆಟ್ರೆ ಹೋಗಿ ಜಗಳ ಆಡಬಹುದಿತ್ತು. ಈಗ ನಿಮ್ಮ ಜಾಮನ್ನ ಯಾವೂರ ಯಾವ ಮಗು ನೆಕ್ತಾ ಇದೆಯೋ, ನಿಮಗೆ ಗೊತ್ತಾ?"

ಅಜ್ಜಿ ಮೆಲ್ಲಗೆ ತನ್ನ ಕನಸು ಹೇಳಿದಳು.

"ಕಾನೂನು ಕೇಳೋದೂ ಅದನ್ನೇ ದೊಡ್ಡಮ್ಮ. ಪ್ರತಿ ಸಲ ಪಾತ್ರೆ ತೊಳೆದು ಒಣಗಿಸಿ. ಬಾಟಲಿ, ಮುಚ್ಚಳ ಕುದಿಸಿ. ಒಂದು ಪಾತ್ರೆ ಜಾಮಿಗೆ ಒಂದು ನಂಬರು, ಮಾಡಿದ ತಾರೀಖು. ಆಗ ಒಂದು ಕೆಟ್ರೆ ಅದರ ಒಡಹುಟ್ಟುಗಳನ್ನ ಮಾತ್ರ ವಾಪಸ್ ಕರೆಸಬಹುದು. ಹಳೇ ಸೌಟು ಹೀಗೇ ಮುಂದುವರಿದ್ರೆ ಒಂದರ ಕೇಡು ಎಲ್ಲಕ್ಕೂ ಅಂಟುತ್ತೆ."

"ನಾನು ಮಾಡಬೇಕು ಅಂತಿರೋ ಸಕ್ಕರೆ ಕಮ್ಮಿ ಜಾಮಿಗೆ ಏನು ಹೇಳ್ತೀಯ?" ಸೊಸೆ ನಡುವೆ ಬಾಯಿ ಹಾಕಿದಳು. "ಅತ್ತೆ ಬೇಡವೇ ಬೇಡ ಅಂತಾರೆ."

"ಮಾಡು ಅತ್ತಿಗೆ. ಸಕ್ಕರೆ ಕಮ್ಮಿಯಾದ್ರೆ ಬೇಗ ಕೆಡುತ್ತೆ ಅನ್ನೋದು ನಿಜ. ಹುಳಿ ಸಾಕಷ್ಟಿದೆಯಾ, ಎಷ್ಟು ದಿನ ತಾಳುತ್ತೆ ಅಂತ ಪರೀಕ್ಷೆ ಮಾಡಿಸಿ ಮಾರು. ಹೊಸದು ಬೇಡ ಅಂತ ಕಾನೂನು ಅನ್ನಲ್ಲ. ಒಳ್ಳೇದು ಅಂತ ತೋರಿಸು ಅನ್ನುತ್ತೆ, ಅಷ್ಟೇ."

ಅಜ್ಜಿ ಪಾತ್ರೆಯನ್ನೇ ನೋಡುತ್ತಿದ್ದಳು. "ಅದರಲ್ಲಿ ನಮ್ಮತ್ತೆ ಇದಾರೆ ಕಣೇ," ಎಂದಳು.

ಸೊಸೆ ಒಲೆಯ ಉರಿ ತಗ್ಗಿಸಿದಳು.

ಮಾರನೆಯ ದಿನ ಅಜ್ಜಿ ತಾನೇ ಅಂಗಡಿಗೆ ನಡೆದಳು. ಯಾವುದು ಕೆಟ್ಟದ್ದು, ಯಾವುದು ಒಳ್ಳೆಯದು ಎಂದು ಹೇಳಲು ಗುರುತಿಲ್ಲದ್ದರಿಂದ ಕಳಿಸಿದ ಬಾಟಲಿಗಳನ್ನೆಲ್ಲ ವಾಪಸ್ ತರಿಸಿದಳು.

ಈಗ ಆ ಮನೆಯ ಪ್ರತಿ ಬಾಟಲಿಗೂ ನಂಬರು, ತಾರೀಖು ಇದೆ. ಹಿಂದೆ ಚೀಟಿಯಿಲ್ಲದ ಬಾಟಲಿಯನ್ನು ತಿರುಗಿಸಿ ನೋಡಿ ಕೆಳಗಿಡುತ್ತಿದ್ದ ದೂರದೂರಿನ ವ್ಯಾಪಾರಿಯೂ ಪೆಟ್ಟಿಗೆ ಪೆಟ್ಟಿಗೆ ಒಯ್ಯುತ್ತಾನೆ. ಸಕ್ಕರೆ ಕಾಯಿಲೆಯವರು ಸೊಸೆಯ ಜಾಮನ್ನು ಕೇಳಿಕೊಂಡು ಬರುತ್ತಾರೆ.

ಅಕ್ಕಂದಿರೇ, ಅಣ್ಣಂದಿರೇ, ನೀವು ತಿನಿಸು ಮಾಡಿ ಮಾರುವವರಾದರೆ ಆಹಾರ ಸುರಕ್ಷತಾ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಹಳೆಯದಕ್ಕೆ ಹೊಸದನ್ನು ಬೆರೆಸಬೇಡಿ. ಮಾಡಿದ ತಾರೀಖು ಹಾಕಿ. ಕೊಳ್ಳುವವರಾದರೆ ಆ ತಾರೀಖು ಓದಿ. ಮುಚ್ಚಳ ಉಬ್ಬಿದ್ದರೆ ನಾಲಿಗೆಗೂ ಮುಟ್ಟಿಸಬೇಡಿ, ಅಂಗಡಿಯವರಿಗೆ ತಿಳಿಸಿ. ನಾಚಿಕೆಪಟ್ಟು ಮುಚ್ಚಿಟ್ಟರೆ ತಿಂದವರ ಜೀವಕ್ಕೆ ಕುತ್ತು.

ಇನ್ನೊಂದು ಮಾತು ಉಳಿದಿದೆ. ಬಾಟಲಿಗಳೆಲ್ಲ ವಾಪಸ್ ಬಂದ ಮೇಲೆ ಅಜ್ಜಿ ಹಿತ್ತಲ ಮರದ ಬುಡದಲ್ಲಿ ಗುಂಡಿ ತೋಡಿ, ಪಾತ್ರೆಯ ತಳದ ಆ ಕೊನೆಯ ಸೌಟನ್ನು ನಿಧಾನವಾಗಿ ಬಗ್ಗಿಸಿದಳು. "ತಪ್ಪು ತಿಳೀಬೇಡಿ ಅತ್ತೆ, ತಿನ್ನೋವು ಯಾರದೋ ಮಕ್ಕಳು," ಎಂದಳು. ಮಣ್ಣು ಅದನ್ನು ಗುಟುಕು ಗುಟುಕಾಗಿ ಕುಡಿಯಿತು. ಅಜ್ಜಿಯ ಅತ್ತೆ ಆ ಮನೆ ಬಿಟ್ಟು ಹೋದದ್ದು ನಿಜವಾಗಿ ಅಂದೇ.