ಆರರ ಪಕ್ಕ ಹತ್ತು

ಕುತ್ತಿಗೆಯಿಂದ ಕೆಳಗೆ ನನ್ನ ಮಾತು ಕೇಳುವ ಅಂಗ ಒಂದೂ ಇಲ್ಲ. ಗಾಲಿಕುರ್ಚಿಯನ್ನು ಗದ್ದದಿಂದ ಓಡಿಸುತ್ತೇನೆ. ಉಸಿರು ಕೊಟ್ಟವನು ಕೆಲಸವನ್ನೂ ಎಲ್ಲೋ ಇಟ್ಟಿರುತ್ತಾನೆಂದು ನಂಬಿ ಹನ್ನೊಂದು ವರ್ಷ ಕಾದ ಮೇಲೆ, ಮುದ್ರಣಾಲಯವೊಂದರಲ್ಲಿ ಒಂದು ದಿನದ ಪರೀಕ್ಷೆ ಸಿಕ್ಕಿತ್ತು: ಅಚ್ಚಿಗೆ ಹೋಗುವ ಹಾಳೆಯಲ್ಲಿ ತಪ್ಪು ಹಿಡಿಯುವುದು.

“ದೇವರ ಹತ್ರ ಕೈಕಾಲು ಕೇಳ್ಕೊಂಡ್ಯಾ?” ಬೆಳಿಗ್ಗೆ ತಲೆ ಬಾಚುತ್ತ ತಂಗಿ ಕೇಳಿದ್ದಳು.

“ಅದು ಬಿಟ್ಟು ಕಾಲ ಆಯ್ತು ಕಣೇ. ಕೆಲಸ ಕೇಳ್ದೆ.”

ಮಾಲೀಕರು ಕಡ್ಡಿ ಮುರಿದಂತೆ ಹೇಳಿದ್ದರು: “ತಪ್ಪು ಬಿಟ್ರೂ ಮನೆಗೆ, ಸುಮ್ ಸುಮ್ನೆ ಮಷಿನ್ ನಿಲ್ಸಿದ್ರೂ ಮನೆಗೆ.”

ಮಧ್ಯಾಹ್ನ ಪುಟಗಳನ್ನು ಅಚ್ಚೊತ್ತುವ ಒಂದು ಪ್ಲೇಟಿಗೆ ಗೀರು ಬಿದ್ದು, ಹೊಸದು ಮಾಡಿಸಿ ತಂದರು. ಮಷಿನ್ ನಡೆಸುವವನನ್ನು ಎಲ್ಲರೂ ಗುಡುಗಣ್ಣ ಎನ್ನುತ್ತಿದ್ದರು. ಅವನು ಹಳೇ ಪ್ಲೇಟಿನಿಂದ ಬೆಳಿಗ್ಗೆ ಅಚ್ಚು ಹಾಕಿ ಮಡಿಸಿಟ್ಟಿದ್ದ ಮಾದರಿಯನ್ನೇ ತಿರುವಿ, “ಎಲ್ಲಾ ಸರಿ” ಎಂದ. ಹೊಸ ಪ್ಲೇಟಿನಿಂದ ಬಂದ ಹಾಳೆಯನ್ನು ಶಾಸ್ತ್ರಕ್ಕೆಂಬಂತೆ ನನ್ನ ಮುಂದಿನ ಸ್ಟ್ಯಾಂಡಿಗೆ ಸಿಕ್ಕಿಸಿ ಹೋದ.

ಒಂದು ಬದಿಗೆ ಎಂಟು ಪುಟ; ಇನ್ನೊಂದು ಬದಿ ಬೆಳಿಗ್ಗೆಯೇ ಅಚ್ಚಾಗಿತ್ತು. ಎರಡೂ ಬದಿ ಅಚ್ಚಾಗಿ ಮಡಿಸಿದರೆ ಹದಿನಾರು. ಮಡಿಸಿ ನೋಡಲು ನನಗೆ ಕೈಯಿಲ್ಲ, ಹಾಗಾಗಿ ಲೆಕ್ಕ ಕಲಿತಿದ್ದೆ. ಜೋಡಿ ಕೂತ ಪುಟಗಳ ಸಂಖ್ಯೆ ಕೂಡಿದರೆ ಹದಿನೇಳು ಬರಬೇಕು. ಎರಡು, ಹದಿನೈದು: ಸರಿ. ಮೂರು, ಹದಿನಾಲ್ಕು: ಸರಿ. ಆರು, ಹತ್ತು…

ಹದಿನಾರು!

ಇನ್ನೊಮ್ಮೆ ಕೂಡಿದೆ. ಅದೇ! ಅಷ್ಟರಲ್ಲಿ ಮಷಿನ್ ಶುರುವಾಗಿತ್ತು. ಕೂಗಿದೆ, ನನ್ನ ಶ್ವಾಸಕೋಶಕ್ಕೆ ಪಿಸುಮಾತೇ ಹೆಚ್ಚು. ದೇವರೇ, ಲೆಕ್ಕ ನೀನೂ ನೋಡಿದ್ದೀಯ, ತಪ್ಪಾಗಿದ್ದರೆ ಇಬ್ಬರೂ ಮನೆಗೆ ಹೋಗೋಣ ಎಂದು ಗದ್ದ ಒತ್ತಿದೆ. ಕುರ್ಚಿ ನುಗ್ಗಿ ಗುಡುಗಣ್ಣನ ಮೊಣಕಾಲಿಗೆ ಗುದ್ದಿತು.

“ಅಯ್ಯಯ್ಯೋ! ಕಣ್ಣು ಕಾಣಲ್ವೇನಮ್ಮಾ?”

ಕಾಲು ಉಜ್ಜಲು ಬಗ್ಗಿದ್ದರಿಂದ ಅವನ ಕಿವಿ ನನ್ನ ಬಾಯಿ ಹತ್ತಿರ ಬಂತು.

“ನಂಗಿರೋದೇ ಕಣ್ಣು! ನಿಲ್ಸು ಅಣ್ಣಾ, ಆರರ ಪಕ್ಕ ಹತ್ತಿದೆ!”

ಮಷಿನ್ ನಿಂತಿತು. ಸದ್ದಡಗಿದ್ದೇ ತಡ ಮಾಲೀಕರು ಓಡಿ ಬಂದರು. ಗುಡುಗಣ್ಣ ಆಗಷ್ಟೇ ಹೊರಬಿದ್ದ ಹಾಳೆ ಮಡಿಸಿ, ಅಂಚು ಸೀಳಿ, ಜೋರಾಗಿ ಎಣಿಸತೊಡಗಿದ. “ಎಂಟು, ಒಂಬತ್ತು…” ದನಿ ಇಳಿಯಿತು. “ಹನ್ನೊಂದು. ಹತ್ತು.”

ಮಾಲೀಕರು ಹಾಳೆಯನ್ನು ಎರಡು ಸಲ ಮಗುಚಿ ನೋಡಿದರು.

“ನಾಳೆ ಎಂಟಕ್ಕೆ ಸರಿಯಾಗಿ ಬರ್ಬೇಕು.”

“ಏಳೂಮುಕ್ಕಾಲಿಗೇ ಬರ್ತೀನಿ ಸಾರ್!” ನನ್ನ ಪಿಸುಮಾತು ಈಗ ಎಲ್ಲರಿಗೂ ಕೇಳಿಸಿತು.

“ಬಾ ತಾಯಿ,” ಗುಡುಗಣ್ಣ ಕುಂಟುತ್ತ ಪ್ಲೇಟ್ ಬಿಚ್ಚತೊಡಗಿದ. “ಬ್ರೇಕ್ ಹಾಕ್ಕೊಂಡು ಬಾ.”