ಎಂಟನೆಯ ಸ್ಥಾನ

ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ಒದ್ದೆ ಹಾಸುಬಟ್ಟೆ ಎತ್ತಿ ಎತ್ತಿ ಅವಳ ಸೊಂಟ ಸೋತುಹೋಗಿತ್ತು. ವಯಸ್ಸು ಮೂವತ್ತಾರು. ಹ್ಯಾಮರ್ ಎಸೆತಕ್ಕೆ ಇದೇ ಕೊನೆಯ ಸ್ಪರ್ಧೆ ಎಂದು ಅಣ್ಣನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ಅಣ್ಣನೇ ಅವಳ ಕೋಚು. ಅವನು "ಹ್ಞೂಂ" ಅಂದಿದ್ದ. ಪ್ರತಿ ವರ್ಷವೂ ಹಾಗೇ ಅನ್ನುತ್ತಿದ್ದ.

ಮೊದಲ ಎಸೆತ ಸುತ್ತ ಕಟ್ಟಿದ ಬಲೆಗೆ ಬಡಿಯಿತು. ಎರಡನೆಯದರಲ್ಲಿ ಕಾಲು ವೃತ್ತದ ಅಂಚು ತುಳಿಯಿತು. ಎರಡು ಸಲವೂ ಕೆಂಪು ಬಾವುಟ. ಇನ್ನೊಂದು ಹೀಗಾದರೆ ಆಟ ಮುಗಿಯಿತು. ಒಳಗೊಳಗೇ ಅವಳಿಗೆ ಬೇಕಾದದ್ದೂ ಅದೇ.

"ಮೂರೇ ಸುತ್ತು ತಿರುಗು, ಸಾಕು," ಬೇಲಿಯಾಚೆಯಿಂದ ಅಣ್ಣ ಕೂಗಿದ.

"ನೀನೇ ಬಂದು ತಿರುಗು," ಎಂದು ಗೊಣಗುತ್ತ ವೃತ್ತಕ್ಕಿಳಿದಳು.

ತಂತಿಯ ತುದಿಯ ಕಬ್ಬಿಣದ ಗುಂಡು ತಾನೇ ಅವಳನ್ನು ಎಳೆದುಕೊಂಡು ತಿರುಗಿತು. ಅವಳು ಅಡ್ಡ ಬರಲಿಲ್ಲ, ಅಷ್ಟೆ. ಕೈಬಿಟ್ಟಾಗ ಗುಂಡು ಹೋಗಿ ಬಿದ್ದದ್ದು ಐವತ್ನಾಲ್ಕು ಮೀಟರಿನಾಚೆ. ನಾಲ್ಕು ವರ್ಷದಲ್ಲಿ ಅಷ್ಟು ದೂರ ಎಸೆದಿರಲಿಲ್ಲ. ಎಂಟನೆಯ ಸ್ಥಾನ. ಮೊದಲ ಎಂಟು ಮಂದಿಗೆ ಇನ್ನೂ ಮೂರು ಎಸೆತ.

"ಅಯ್ಯೋ, ಇನ್ನೂ ಮೂರಾ?" ಬೆಂಚಿನ ಮೇಲೆ ಕುಸಿದಳು. "ಆಗಲ್ಲ ಅಂತ ಹೇಳಿ ಹೋಗೋಣ ನಡಿಯಣ್ಣಾ."

ಅಣ್ಣ ನೋಡುತ್ತಿದ್ದ ಕಡೆ ಅವಳೂ ನೋಡಿದಳು. ಅಲ್ಲಿಯವರೆಗೆ ಎಂಟನೆಯವಳಾಗಿದ್ದ ಹುಡುಗಿ ಶೂ ಬಿಚ್ಚುತ್ತ, ಮುಂಗೈಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾನು ಬಿಟ್ರೆ ಅವಳಿಗೆ ಸಿಗುತ್ತಾ?"

"ಇಲ್ಲ. ಯಾರಿಗೂ ಇಲ್ಲದ ಹಾಗೆ ಹೋಗುತ್ತೆ."

ಕಿತ್ತುಕೊಂಡದ್ದನ್ನು ಬಿಸಾಡಿ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಮಂಡಿ ಹಿಡಿದುಕೊಂಡು ಎದ್ದಳು. ಮೂರನ್ನೂ ಎಸೆದಳು: ಐವತ್ತು, ನಲವತ್ತೊಂಬತ್ತು, ಕೊನೆಯದು ನಲವತ್ತಾರು. ಸ್ಥಾನವೇನೂ ಬದಲಾಗಲಿಲ್ಲ.

ಹೊರಡುವಾಗ ಆ ಹುಡುಗಿ ಗೇಟಿನ ಬಳಿ ಕಾದಿದ್ದಳು. ಕಣ್ಣು ಇನ್ನೂ ಕೆಂಪಗಿತ್ತು.

"ಅಕ್ಕಾ, ಆ ಮೂರನೇದು ಹೇಗೆ ಎಸೆದ್ರಿ?"

"ಸುಸ್ತಾಗಿತ್ತಮ್ಮ. ಭುಜ ಬಿಗಿ ಮಾಡೋಕೂ ತ್ರಾಣ ಇರಲಿಲ್ಲ. ನೀನು ಬಿಗಿ ಮಾಡ್ಕೊಂಡು ಎಳೀತೀಯ, ಅದಕ್ಕೇ ದೂರ ಹೋಗಲ್ಲ. ಎಲ್ಲಿ, ಕೈ ಚಾಚು ನೋಡೋಣ."

ಹುಡುಗಿ ಕೈ ಚಾಚಿದಳು. ಅವಳು ಆ ಎಳೆಯ ಭುಜಗಳನ್ನು ಒತ್ತಿ ಸಡಿಲಿಸುತ್ತ, ಮತ್ತೆ ಮತ್ತೆ ತಿರುಗಿಸುತ್ತ ನಿಂತಳು. ಅಷ್ಟರಲ್ಲಿ ಬಸ್ಸು ತಪ್ಪಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಇತ್ತು. ಅಣ್ಣನ ಹೆಗಲಿಗೆ ತಲೆಯಾನಿಸಿ ನಿಲ್ದಾಣದಲ್ಲೇ ನಿದ್ದೆಹೋದಳು.